ಅಕ್ಷರ ಚೂಪು, ಚಿತ್ರ ಮಬ್ಬು: ಬ್ರೌಸರ್‌ನಲ್ಲಿ ಏನು ಬದಲಿಸಬೇಕು?

ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ:

"ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಮೂರು ವರ್ಷದ ಹಿಂದೆ ನಿವೃತ್ತಳಾದೆ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ತೆರೆದು, ನೋಡಿಕೊಂಡು ಟೈಪ್ ಮಾಡುವುದು ಈಗಿನ ಹವ್ಯಾಸ. ಹಳೆಯ ಲ್ಯಾಪ್‌ಟಾಪ್ ಕೆಟ್ಟಿತು ಅಂತ ಎರಡು ತಿಂಗಳ ಹಿಂದೆ ಮಗ ಹೊಸದು ಕೊಡಿಸಿದ. 15.6 ಇಂಚು, ಫುಲ್ ಎಚ್‌ಡಿ, ವಿಂಡೋಸ್ 11. ಹಳೆಯದರದ್ದು 1366×768 ಪರದೆ. ಹೊಸದು ಇನ್ನೂ ಚೆನ್ನಾಗಿ ಕಾಣಬೇಕು, ಅಲ್ವಾ? ಆದರೆ ಕ್ರೋಮ್‌ನಲ್ಲಿ ಚಿತ್ರಗಳೆಲ್ಲ ಮಬ್ಬು. ಬರಹ ಚೂಪಾಗಿಯೇ ಇದೆ, ಚಿತ್ರ ಮಾತ್ರ ಮಂಜಿನ ಹಿಂದೆ ಇಟ್ಟ ಹಾಗೆ. 'ಧ'ದ ಸೀಳು ಕಾಣದೆ 'ದ' ಅಂತ ಓದಿ ಎಷ್ಟೋ ಸಲ ಮೋಸ ಹೋಗಿದ್ದೇನೆ. ಅದೇ ಪುಟ ಮಗಳ ಫೋನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪಕ್ಕದ ಮನೆ ಹುಡುಗ ಕ್ಯಾಶ್ ಅಳಿಸಿದ, ಹಾರ್ಡ್‌ವೇರ್ ಆಕ್ಸಿಲರೇಶನ್ ಆಫ್ ಮಾಡಿದ, ಕ್ಲಿಯರ್‌ಟೈಪ್ ಅಂತ ಏನೋ ಸರಿಮಾಡಿದ. ಏನೂ ಆಗಲಿಲ್ಲ. ಈಗ ಚಿತ್ರ ಚೂಪು ಮಾಡುವ ಎಕ್ಸ್‌ಟೆನ್ಶನ್ ಹಾಕೋಣ, ಇಲ್ಲದಿದ್ದರೆ 4ಕೆ ಮಾನಿಟರ್ ತಗೊಳ್ಳಿ ಅನ್ನುತ್ತಾನೆ. ಗೆಳತಿ ವಾಟ್ಸಾಪ್‌ನಲ್ಲಿ ಕಳಿಸುವ ಹಳೆಯ ಪತ್ರಿಕೆಯ ಪುಟಗಳದ್ದೂ ಇದೇ ಕಥೆ. ಬ್ರೌಸರ್‌ನಲ್ಲಿ ನಾನು ಯಾವ ಸೆಟ್ಟಿಂಗ್ ಬದಲಿಸಬೇಕು?"

ಮೇಡಂ, ಮೊದಲು ಒಂದು ಮಾತು. ಮಾನಿಟರ್ ಕೊಳ್ಳಬೇಡಿ. ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಅಂತೂ ಬೇಡವೇ ಬೇಡ. ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿಲ್ಲ, ಕ್ರೋಮ್ ಕೂಡ ಕೆಟ್ಟಿಲ್ಲ. ಕಂಪ್ಯೂಟರ್ ರಿಪೇರಿ ಕೆಲಸದಲ್ಲಿ ನನಗೆ ಇಪ್ಪತ್ತು ವರ್ಷ ಆಗಿದೆ. "ಹೊಸದು ತಂದ ಮೇಲೆ ಚಿತ್ರ ಮಬ್ಬಾಯಿತು" ಎಂಬ ದೂರು ಈಚೆಗೆ ಜಾಸ್ತಿ ಬರುತ್ತಿದೆ. ಬಂದವರು ಅರ್ಧ ತಪ್ಪೊಪ್ಪಿಗೆಯ ದನಿಯಲ್ಲೇ ಹೇಳುತ್ತಾರೆ, ತಮ್ಮ ಕಣ್ಣಿನದ್ದೇ ದೋಷವೇನೋ ಎಂಬಂತೆ. ಕಣ್ಣಿನದ್ದಲ್ಲ.

ನಿಮ್ಮ ಪತ್ರದಲ್ಲೇ ಸುಳಿವು ಇದೆ. ಬರಹ ಚೂಪು, ಚಿತ್ರ ಮಾತ್ರ ಮಬ್ಬು ಅಂತ ಬರೆದಿದ್ದೀರಲ್ಲ, ಆ ಒಂದು ಸಾಲಿಗೆ ಅರ್ಧ ತನಿಖೆ ಮುಗಿಯಿತು. ಪರದೆಯ ರೆಸಲ್ಯೂಶನ್ (ಅಗಲದಲ್ಲಿ ಎಷ್ಟು ಚುಕ್ಕಿ, ಎತ್ತರದಲ್ಲಿ ಎಷ್ಟು ಚುಕ್ಕಿ ಎಂಬ ಲೆಕ್ಕ) ತಪ್ಪಾಗಿದ್ದರೆ ಬರಹವೂ ಮಬ್ಬಾಗಬೇಕಿತ್ತು. ಒಮ್ಮೆ ಅಂಗಡಿಗೆ ಬಂದ ಲ್ಯಾಪ್‌ಟಾಪೊಂದರಲ್ಲಿ 1920×1080ರ ಪರದೆಯನ್ನು ಯಾರೋ 1366×768ಕ್ಕೆ ಇಳಿಸಿಟ್ಟಿದ್ದರು, "ಅಕ್ಷರ ದೊಡ್ಡದಾಗಲಿ" ಅಂತ. ಅದರಲ್ಲಿ ಐಕಾನಿನಿಂದ ಹಿಡಿದು ಗಡಿಯಾರದ ತನಕ ಎಲ್ಲವೂ ಕಲಸಿಹೋಗಿತ್ತು. ನಿಮ್ಮದು ಹಾಗಲ್ಲ. ಗ್ರಾಫಿಕ್ಸ್ ಡ್ರೈವರ್ ಇಲ್ಲದೆ ಓಡುತ್ತಿದ್ದರೂ ಹೀಗೇ ಎಲ್ಲವೂ ಹಾಳಾಗುತ್ತದೆ. ಅದೂ ಅಲ್ಲ.

ಹಾಗಾದರೆ ಬರಹಕ್ಕೂ ಚಿತ್ರಕ್ಕೂ ಏನು ವ್ಯತ್ಯಾಸ? ವೆಬ್ ಪುಟದಲ್ಲಿರುವ ಅಕ್ಷರ ಚಿತ್ರವಲ್ಲ. ಅದು ಗೆರೆಗಳ ಲೆಕ್ಕ. ಎಷ್ಟು ದೊಡ್ಡದು ಬೇಕು ಅಂದರೆ ಅಷ್ಟಕ್ಕೆ ಬ್ರೌಸರ್ ಆ ಅಕ್ಷರವನ್ನು ಹೊಸದಾಗಿ ಬರೆಯುತ್ತದೆ. ಫೋಟೋ, ಸ್ಕ್ಯಾನ್ ಪುಟ ಹಾಗಲ್ಲ. ಅವು ಚುಕ್ಕಿಗಳ ಗುಂಪು. ಚುಕ್ಕಿ ರಂಗೋಲಿ ಹಾಕಿ ಗೊತ್ತಿರಬೇಕು ನಿಮಗೆ. ನಾಲ್ಕು ಚುಕ್ಕಿಯ ರಂಗೋಲಿಯನ್ನು ಐದು ಚುಕ್ಕಿಯ ಅಂಗಳಕ್ಕೆ ಹಿಗ್ಗಿಸಿ ಹಾಕಿ ಅಂದರೆ ಏನು ಮಾಡುತ್ತೀರಿ? ಐದನೆಯ ಚುಕ್ಕಿ ಎಲ್ಲಿಂದ ತರುತ್ತೀರಿ?

ನಿಮ್ಮ ಪರದೆಯ ಮೇಲೆ ಆಗುತ್ತಿರುವುದು ಬಹುಮಟ್ಟಿಗೆ ಇದೇ. 15.6 ಇಂಚಿನಲ್ಲಿ 1366×768 ಅಂದರೆ ಇಂಚಿಗೆ ಸುಮಾರು 100 ಚುಕ್ಕಿ. ಅದೇ ಅಳತೆಯಲ್ಲಿ 1920×1080 ಅಂದರೆ ಇಂಚಿಗೆ ಸುಮಾರು 141. ಚುಕ್ಕಿ ಸಣ್ಣದಾದಷ್ಟೂ ಅಕ್ಷರವೂ ಸಣ್ಣದಾಗಿ ಕಾಣಬೇಕು. ಅದು ಓದಲು ಕಷ್ಟ ಅಂತ ವಿಂಡೋಸ್ ಇಂಥ ಲ್ಯಾಪ್‌ಟಾಪ್‌ಗಳಲ್ಲಿ ತಾನಾಗಿಯೇ ಎಲ್ಲವನ್ನೂ ಹಿಗ್ಗಿಸಿ ತೋರಿಸುತ್ತದೆ. ಸಾಮಾನ್ಯವಾಗಿ 125 ಪರ್ಸೆಂಟ್, ಕೆಲವದರಲ್ಲಿ 150. ಡೆಸ್ಕ್‌ಟಾಪ್ ಮೇಲೆ ಬಲಗ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋದರೆ 'ಸ್ಕೇಲ್' ಎಂಬಲ್ಲಿ ಆ ಸಂಖ್ಯೆ ಕಾಣುತ್ತದೆ. ಒಮ್ಮೆ ನೋಡಿ, 100 ಇರುವುದಿಲ್ಲ ಅಂತ ನನ್ನ ಅಂದಾಜು.

125 ಅಂತಲೇ ಇಟ್ಟುಕೊಳ್ಳೋಣ. 600 ಚುಕ್ಕಿ ಅಗಲದ ಚಿತ್ರವೊಂದಿದೆ. ನಿಮ್ಮ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಅದು ಪರದೆಯ 600 ಚುಕ್ಕಿಗಳ ಮೇಲೆ ನೇರವಾಗಿ ಕೂರುತ್ತಿತ್ತು. ಒಂದಕ್ಕೆ ಒಂದು. ಹೊಸದರಲ್ಲಿ ಅದು 750 ಚುಕ್ಕಿಗಳ ಜಾಗ ತುಂಬಬೇಕು. ನಾಲ್ಕರ ಜಾಗದಲ್ಲಿ ಐದು. ಬ್ರೌಸರ್ ಅಕ್ಕಪಕ್ಕದ ಚುಕ್ಕಿಗಳ ಬಣ್ಣ ಬೆರೆಸಿ ನಡುವಿನದನ್ನು ಊಹಿಸಿ ತುಂಬುತ್ತದೆ. ಕಪ್ಪು ಗೆರೆಯ ಅಂಚು ಬೂದಾಗುತ್ತದೆ. ನೀವು ಮಂಜು ಅನ್ನುತ್ತಿರುವುದು ಆ ಬೂದನ್ನೇ. ಇದರ ಮೇಲೆ ಕ್ರೋಮ್‌ನ ಜೂಮ್ ಕೂಡ 110 ಇದ್ದರೆ ಎರಡೂ ಗುಣಿಸಿ 137.5 ಆಗುತ್ತದೆ. ಈ ಜೂಮ್ ಒಂದೊಂದು ವೆಬ್‌ಸೈಟಿಗೆ ಬೇರೆಬೇರೆಯಾಗಿ ನೆನಪಿನಲ್ಲಿ ಉಳಿಯುತ್ತದೆ. ಎಂದೋ ಕೈತಪ್ಪಿ ಕಂಟ್ರೋಲ್ ಒತ್ತಿಕೊಂಡು ಮೌಸ್ ಚಕ್ರ ತಿರುಗಿಸಿದ್ದರೆ ಆ ಸೈಟು ಅಂದಿನಿಂದ ಹಾಗೇ ಉಳಿದಿರುತ್ತದೆ.

ಇದರಲ್ಲಿ ಒಂದು ತಮಾಷೆ ಇದೆ. ಕಡಿಮೆ ಚುಕ್ಕಿಯ ಹಳೆಯ ಪರದೆಯೇ ಚೂಪಾಗಿ ಕಂಡದ್ದು ಯಾಕೆ ಅಂದರೆ ಅದು ಚಿತ್ರವನ್ನು ಮುಟ್ಟುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತಿತ್ತು.

ಫೋನಿನ ವಿಷಯಕ್ಕೆ ಬರುತ್ತೇನೆ. ಆರೂವರೆ ಇಂಚಿನಲ್ಲಿ 1080×2400 ಇರುವ ಫೋನಿಗೆ ಇಂಚಿಗೆ 400ರ ಹತ್ತಿರ ಚುಕ್ಕಿ. ಅಷ್ಟು ಒತ್ತಾಗಿದ್ದರೆ ಹಿಗ್ಗಿಸಿದ ಬೂದು ಅಂಚು ಇದ್ದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಜತೆಗೆ ಎಷ್ಟೋ ವೆಬ್‌ಸೈಟುಗಳು ಒಂದೇ ಚಿತ್ರದ ಸಣ್ಣದು, ದೊಡ್ಡದು ಅಂತ ನಾಲ್ಕಾರು ಪ್ರತಿ ಇಟ್ಟಿರುತ್ತವೆ. ನಿಮ್ಮ ಪರದೆ ಎಷ್ಟು ಒತ್ತಾಗಿದೆ ಅಂತ ನೋಡಿ ಬ್ರೌಸರ್ ತಕ್ಕ ಪ್ರತಿಯನ್ನು ಆರಿಸಿ ತರಿಸಿಕೊಳ್ಳುತ್ತದೆ. ಫೋನಿಗೆ ದೊಡ್ಡ ಪ್ರತಿ ಬರುತ್ತದೆ. ಇಂಥ ಸೈಟುಗಳು ನಿಮ್ಮ ಹೊಸ ಲ್ಯಾಪ್‌ಟಾಪ್‌ನಲ್ಲೂ ಚೆನ್ನಾಗಿಯೇ ಕಾಣುತ್ತಿರಬೇಕು, ಗಮನಿಸಿ. ಒಂದೇ ಪ್ರತಿ ಇಟ್ಟುಕೊಂಡ ಹಳೆಯ ಸೈಟುಗಳದ್ದೇ ತೊಂದರೆ.

ಹುಡುಗ ಮಾಡಿದ್ದು ಯಾಕೆ ಫಲಿಸಲಿಲ್ಲ

ಅವನನ್ನು ಬೈಯಬೇಡಿ. ಅಂತರ್ಜಾಲದಲ್ಲಿ ಹುಡುಕಿದರೆ ಈ ಮೂರೇ ಸಲಹೆ ಮೊದಲು ಸಿಗುವುದು.

ಕ್ಲಿಯರ್‌ಟೈಪ್ ಅಕ್ಷರಗಳಿಗಷ್ಟೇ ಸಂಬಂಧಿಸಿದ್ದು. ಸ್ಕ್ಯಾನ್ ಪುಟದಲ್ಲಿರುವುದು ನಿಮಗೆ ಅಕ್ಷರ, ಕಂಪ್ಯೂಟರಿಗೆ ಅದು ಚಿತ್ರ. ಹಾಗಾಗಿ ಕ್ಲಿಯರ್‌ಟೈಪ್ ಅದರ ಹತ್ತಿರವೂ ಸುಳಿಯುವುದಿಲ್ಲ. ಕ್ಯಾಶ್ ಅಂದರೆ ಒಮ್ಮೆ ತಂದ ಚಿತ್ರವನ್ನು ಮತ್ತೆ ತರುವ ಶ್ರಮ ಬೇಡ ಅಂತ ಬ್ರೌಸರ್ ಕೂಡಿಟ್ಟುಕೊಳ್ಳುವ ಪ್ರತಿ. ಅರ್ಧ ಬಂದು ನಿಂತ ಚಿತ್ರವೋ ಹಳೆಯ ಪ್ರತಿಯೋ ಅಲ್ಲಿ ಕೂತಿದ್ದರೆ ಅಳಿಸಿದಾಗ ಸರಿಹೋಗುತ್ತದೆ. ಆದರೆ ಅದಕ್ಕೂ ಎಲ್ಲವನ್ನೂ ಅಳಿಸಬೇಕಿಲ್ಲ. ಆ ಪುಟದಲ್ಲಿದ್ದುಕೊಂಡು ಕಂಟ್ರೋಲ್, ಶಿಫ್ಟ್, ಆರ್ ಮೂರನ್ನೂ ಒತ್ತಿದರೆ ಸಾಕು, ಹೊಸದಾಗಿ ತರುತ್ತದೆ. ಕ್ಯಾಶ್ ಜತೆ ಕುಕೀಗಳನ್ನೂ ಅಳಿಸಿದ್ದರೆ ಎಲ್ಲ ಸೈಟುಗಳಿಂದ ಲಾಗೌಟ್ ಆಗಿರುತ್ತೀರಿ. ಪಾಸ್‌ವರ್ಡ್ ಹುಡುಕುವ ಫಜೀತಿ ಬಂದಿತ್ತೇನೋ, ಪಾಪ.

ಹಾರ್ಡ್‌ವೇರ್ ಆಕ್ಸಿಲರೇಶನ್ ಅಂದರೆ ಚಿತ್ರ, ವಿಡಿಯೊ ತೋರಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವುದು. ಅದನ್ನು ಮತ್ತೆ ಆನ್ ಮಾಡಿಬಿಡಿ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ 'ಸಿಸ್ಟಮ್' ಎಂಬಲ್ಲಿದೆ. ಪುಟದಲ್ಲಿ ಕಪ್ಪು ಪಟ್ಟಿ ಬರುವುದು, ಚಿತ್ರ ಮಿಣುಕುವುದು, ವಿಡಿಯೊ ಹಸಿರಾಗುವುದು, ಇಂಥವಕ್ಕೆ ಅದನ್ನು ಆಫ್ ಮಾಡಿ ನೋಡುವುದು ಸರಿ. ಮಬ್ಬಿಗೂ ಅದಕ್ಕೂ ಸಂಬಂಧವಿಲ್ಲ. ಆಫ್ ಆಗಿಯೇ ಇದ್ದರೆ ವಿಡಿಯೊದ ಭಾರವೆಲ್ಲ ಪ್ರೊಸೆಸರ್ ಮೇಲೆ ಬಿದ್ದು ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ.

ಇನ್ನೊಂದು ನಂಬಿಕೆ ಡಿಪಿಐ, ಅಂದರೆ ಇಂಚಿಗೆ ಎಷ್ಟು ಚುಕ್ಕಿ ಎಂಬ ಸಂಖ್ಯೆಯ ಬಗ್ಗೆ. "72 ಡಿಪಿಐ ಫೈಲು, ಅದಕ್ಕೇ ಮಬ್ಬು, 300ಕ್ಕೆ ಏರಿಸಿ" ಅಂತ ಫೋಟೋ ಸ್ಟುಡಿಯೋದವರೂ ಹೇಳುವುದುಂಟು. ಫೈಲಿನೊಳಗೆ ಬರೆದಿಟ್ಟ ಆ ಸಂಖ್ಯೆ ಪ್ರಿಂಟ್ ಹಾಕುವಾಗ ಬೇಕಾಗುವುದು. ಬ್ರೌಸರ್ ನೋಡುವುದು ಅಗಲದಲ್ಲಿ ಎಷ್ಟು ಚುಕ್ಕಿ, ಎತ್ತರದಲ್ಲಿ ಎಷ್ಟು ಚುಕ್ಕಿ ಅಂತ ಮಾತ್ರ.

'ಫ್ಲ್ಯಾಗ್ಸ್' ಎಂಬ ಗುಪ್ತ ಪುಟಕ್ಕೆ ಹೋಗಿ ಅದೂ ಇದೂ ಆನ್ ಮಾಡುವ ಸಲಹೆಯೂ ನಿಮಗೆ ಬರಬಹುದು. ಅಲ್ಲಿರುವವು ಪ್ರಯೋಗದ ಹಂತದ ಗುಂಡಿಗಳು. ಅಲ್ಲಿ ಬಣ್ಣದ ಪ್ರೊಫೈಲ್ ಬದಲಿಸುವ ಗುಂಡಿಯೊಂದಿದೆ, ಅದು ಬಣ್ಣ ಪೇಲವವಾಗಿ ಕಂಡಾಗ ಕೆಲಸಕ್ಕೆ ಬರುತ್ತದೆ, ಚೂಪಿಗಲ್ಲ. ಬಣ್ಣದ ಮಾತು ಬಂತು ಅಂತ ಹೇಳುತ್ತೇನೆ: ಸೀರೆ ವ್ಯಾಪಾರ ಮಾಡುವವರೊಬ್ಬರು ಸಂಜೆಯಾದರೆ ಬಿಳಿ ಸೀರೆಯೆಲ್ಲ ಹಳದಿ ಕಾಣುತ್ತದೆ ಅಂತ ಲ್ಯಾಪ್‌ಟಾಪ್ ಹೊತ್ತು ತಂದಿದ್ದರು. ವಿಂಡೋಸ್‌ನ ನೈಟ್ ಲೈಟ್ ಆನ್ ಆಗಿತ್ತು, ಅಷ್ಟೇ. ದುಡ್ಡು ತೆಗೆದುಕೊಳ್ಳಲು ನನಗೇ ನಾಚಿಕೆಯಾಯಿತು.

ಈಗ ನೀವು ಮಾಡಬೇಕಾದ್ದು

ಮೊದಲು ಚಿತ್ರದಲ್ಲಿ ಎಷ್ಟು ಸರಕಿದೆ ಅಂತ ನೋಡಿ. ಚಿತ್ರದ ಮೇಲೆ ಬಲಗ್ಲಿಕ್ ಮಾಡಿ, ಹೊಸ ಟ್ಯಾಬಿನಲ್ಲಿ ತೆರೆಯಿರಿ. ಟ್ಯಾಬಿನ ತಲೆಯ ಮೇಲೆ ಫೈಲಿನ ಹೆಸರಿನ ಪಕ್ಕ 640×480 ಅಂತಲೋ 2400×3600 ಅಂತಲೋ ಬರುತ್ತದೆ. ಕಾಣದಿದ್ದರೆ ಟ್ಯಾಬಿನ ಮೇಲೆ ಮೌಸ್ ಇಟ್ಟು ಸ್ವಲ್ಪ ತಡೆಯಿರಿ. ಬಲಗ್ಲಿಕ್‌ಗೆ ಬಗ್ಗದ ಸೈಟುಗಳಿದ್ದರೆ ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್ ಮತ್ತು ಐ ಒತ್ತಿ. ಪುಟದ ಮಾಹಿತಿಯ ಕಿಟಕಿ ತೆರೆಯುತ್ತದೆ, ಅದರ 'ಮೀಡಿಯಾ' ವಿಭಾಗದಲ್ಲಿ ಎಲ್ಲ ಚಿತ್ರಗಳ ಅಳತೆ ಸಿಗುತ್ತದೆ. ಅಗಲ ಮುನ್ನೂರು ನಾನೂರು ಅಂತ ಬಂದರೆ ಅಲ್ಲಿಗೇ ಬಿಡಿ. ಫೈಲೇ ಬಡವ. ಯಾವ ಸೆಟ್ಟಿಂಗಿನಿಂದಲೂ ಅದರಲ್ಲಿಲ್ಲದ್ದು ಬರುವುದಿಲ್ಲ.

ಗೂಗಲ್‌ನಲ್ಲಿ ಚಿತ್ರ ಹುಡುಕುವಾಗ ಈ ಮೋಸ ತುಂಬಾ ಆಗುತ್ತದೆ. ಸಾಲಾಗಿ ಕಾಣುವವು ಬರೀ ಸಣ್ಣ ನಮೂನೆಗಳು. ಅವನ್ನೇ ಸೇವ್ ಮಾಡಿಕೊಂಡು ದೊಡ್ಡದು ಮಾಡಿ ನೋಡಿದರೆ ಮಬ್ಬಲ್ಲದೆ ಇನ್ನೇನು? ಮೊದಲು ನೇರವಾಗಿ ಮೂಲ ಚಿತ್ರ ತೆರೆಯುವ ಬಟನ್ ಇತ್ತು, 2018ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ತೆಗೆಯಿತು. ಈಗ ಚಿತ್ರ ಇರುವ ಸೈಟಿಗೇ ಹೋಗಿ ತೆರೆಯಬೇಕು.

ಸರಕು ಸಾಕಷ್ಟಿದ್ದರೆ ಮುಂದಿನದು ಹಿಗ್ಗಿಸುವುದನ್ನು ನಿಲ್ಲಿಸುವುದು. ಕ್ರೋಮ್‌ನಲ್ಲಿ ಕಂಟ್ರೋಲ್ ಮತ್ತು ಸೊನ್ನೆ ಒತ್ತಿ. ಜೂಮ್ 100ಕ್ಕೆ ಬರುತ್ತದೆ. ಆಮೇಲೆ ಕಂಟ್ರೋಲ್ ಮತ್ತು ಮೈನಸ್ ಒತ್ತುತ್ತಾ 80ಕ್ಕೆ ಇಳಿಸಿ. ಯಾಕೆ 80? ವಿಂಡೋಸ್ 125ಕ್ಕೆ ಹಿಗ್ಗಿಸುತ್ತದೆ, ಬ್ರೌಸರ್ 80ಕ್ಕೆ ಕುಗ್ಗಿಸುತ್ತದೆ. 1.25 ಗುಣಿಸು 0.8, ಸರಿಯಾಗಿ ಒಂದು. ಮತ್ತೆ ಒಂದಕ್ಕೆ ಒಂದು, ಹಳೆಯ ಲ್ಯಾಪ್‌ಟಾಪ್‌ನ ಹಾಗೆ. ವಿಂಡೋಸ್‌ನಲ್ಲಿ 150 ಇದ್ದರೆ ಬ್ರೌಸರ್‌ನಲ್ಲಿ 67 ಇಡಿ. ಮಬ್ಬು ಹೋಯಿತಾ? ಹೋದರೆ ಕಳ್ಳ ಸಿಕ್ಕಿದ ಹಾಗೆ.

ಆದರೆ ಚಿತ್ರ ಸಣ್ಣದಾಗುತ್ತದೆ, ಆ ಸೈಟಿನ ಬರಹವೂ ಸಣ್ಣದಾಗುತ್ತದೆ. ನಮ್ಮ ವಯಸ್ಸಿನ ಕಣ್ಣಿಗೆ ಇದು ದಿನವಿಡೀ ಆಗದ ಮಾತು. ವಿಂಡೋಸ್‌ನ ಸ್ಕೇಲನ್ನೇ 100ಕ್ಕೆ ಇಳಿಸುವ ದಾರಿಯೂ ಇದೆ, ಅದರಿಂದ ಇಡೀ ಕಂಪ್ಯೂಟರೇ ಇರುವೆ ಸಾಲಿನಂತೆ ಕಾಣುತ್ತದೆ. ನನ್ನ ಸಲಹೆ ಬೇರೆ. ವಿಂಡೋಸ್ ಸ್ಕೇಲ್ 125ರಲ್ಲೇ ಇರಲಿ. ಚಿತ್ರ ಮುಖ್ಯವಾದ ಒಂದೆರಡು ಸೈಟುಗಳಿಗೆ ಮಾತ್ರ ಕ್ರೋಮ್‌ನಲ್ಲಿ 80 ಮಾಡಿ. ಆ ಸೈಟುಗಳಿಗೆ ಅದು ನೆನಪಿರುತ್ತದೆ. ಬರಹ ಸಣ್ಣದೆನಿಸಿದರೆ ಜೂಮ್ ಮುಟ್ಟದೆ ಕ್ರೋಮ್ ಸೆಟ್ಟಿಂಗ್ಸ್‌ನ 'ಅಪಿಯರೆನ್ಸ್' ವಿಭಾಗದಲ್ಲಿ ಫಾಂಟ್ ಸೈಜ್ ಹೆಚ್ಚಿಸಿ. ಅದು ಅಕ್ಷರವನ್ನಷ್ಟೇ ದೊಡ್ಡದು ಮಾಡುತ್ತದೆ. ಫೈರ್‌ಫಾಕ್ಸ್‌ನಲ್ಲಿ ಇನ್ನೂ ಒಳ್ಳೆಯ ವ್ಯವಸ್ಥೆ ಇದೆ. ಸೆಟ್ಟಿಂಗ್ಸ್‌ನಲ್ಲಿ ಜೂಮ್ ಎಂಬಲ್ಲಿ 'ಜೂಮ್ ಟೆಕ್ಸ್ಟ್ ಓನ್ಲಿ' ಅಂತ ಒಂದು ಗುರುತು ಹಾಕಿದರೆ ಆಮೇಲೆ ಎಷ್ಟು ಜೂಮ್ ಮಾಡಿದರೂ ಬರಹ ಮಾತ್ರ ಬೆಳೆಯುತ್ತದೆ, ಚಿತ್ರ ಅಲುಗಾಡುವುದಿಲ್ಲ. ಕೆಲವು ಸೈಟುಗಳ ಅಂದ ಕೆಡಬಹುದು, ಸಾಲಿನ ಮೇಲೆ ಸಾಲು ಹತ್ತಬಹುದು. ಓದಲು ಅಡ್ಡಿಯಾದರೆ ಗುರುತು ತೆಗೆದುಬಿಡಿ.

'ಧ'ದ ಸೀಳು ಎಲ್ಲಿ ಹೋಯಿತು

ನಿಮ್ಮ ನಿಜವಾದ ಕೆಲಸ ಸ್ಕ್ಯಾನ್ ಪುಟಗಳದ್ದು. ಅಲ್ಲಿ ಕಥೆ ಸ್ವಲ್ಪ ತಿರುಗಿಬೀಳುತ್ತದೆ, ಯಾಕೆಂದರೆ ಅಲ್ಲಿ ತೊಂದರೆ ಹಿಗ್ಗಿಸುವುದರಿಂದ ಅಲ್ಲ, ಕುಗ್ಗಿಸುವುದರಿಂದ.

ಕನ್ನಡ ಲಿಪಿಯಲ್ಲಿ ಎಷ್ಟೋ ಜೋಡಿಗಳು ಒಂದು ಕೂದಲೆಳೆಯಲ್ಲಿ ಬೇರೆಯಾಗುತ್ತವೆ. ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ, ಎಲ್ಲ ಕೆಳಗಿನ ಒಂದು ಸೀಳಿನ ವ್ಯತ್ಯಾಸ. ರದೊಳಗೆ ಒಂದು ಚುಕ್ಕಿ ಇಟ್ಟರೆ ಠ. ಇದು ನಿಮಗೆ ನಾನು ಹೇಳಬೇಕಾದ್ದಲ್ಲ. ನಾನು ಹೇಳುವುದು ಲೆಕ್ಕ. ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ ಒಂದು ಮಿಲಿಮೀಟರಿಗೆ 12 ಚುಕ್ಕಿ. ಅಚ್ಚಾದ ಸೀಳು ಕಾಲು ಮಿಲಿಮೀಟರ್ ಇದ್ದರೆ ಅದಕ್ಕೆ ಸಿಗುವುದು 3 ಚುಕ್ಕಿ. 20 ಸೆಂಟಿಮೀಟರ್ ಎತ್ತರದ ಪುಟ ಅಂದರೆ 2,360 ಚುಕ್ಕಿ. ನಿಮ್ಮ ಪರದೆಯ ಎತ್ತರವೇ 1080. ಮೇಲಿನ ಪಟ್ಟಿ ಕೆಳಗಿನ ಪಟ್ಟಿ ಕಳೆದು ಪುಟಕ್ಕೆ ಸಿಗುವುದು 800ರ ಆಸುಪಾಸು. ಇಡೀ ಪುಟ ಪರದೆಯಲ್ಲಿ ಹಿಡಿಸಬೇಕು ಅಂದರೆ ಮೂರರಲ್ಲಿ ಒಂದು ಭಾಗಕ್ಕೆ ಕುಗ್ಗಬೇಕು. ಆಗ ಸೀಳಿಗೆ ಉಳಿಯುವುದು ಒಂದೇ ಚುಕ್ಕಿ. ಅದೂ ಎರಡು ಬದಿಯ ಕಪ್ಪಿನ ಜತೆ ಬೆರೆತು ಬೂದಾಗುತ್ತದೆ. ಧ ದ ಆಯಿತು.

ಹಾಗಾಗಿ ಆರ್ಕೈವ್‌ನಲ್ಲಿ ಓದುವಾಗ ಇಡೀ ಪುಟ ಒಟ್ಟಿಗೆ ಕಾಣಬೇಕು ಎಂಬ ಆಸೆ ಬಿಡಿ. ಒಂದೇ ಪುಟ ಕಾಣುವ ಹಾಗೆ ಮಾಡಿ, ಅರ್ಧ ಪುಟ ಪರದೆ ತುಂಬಲಿ. ಮುಖ್ಯವಾದ ಮಾತು: ದೊಡ್ಡದು ಮಾಡಲು ಕಂಟ್ರೋಲ್ ಪ್ಲಸ್ ಬಳಸಬೇಡಿ. ಓದುವ ಕಿಟಕಿಯೊಳಗೇ ಪ್ಲಸ್ ಗುರುತಿನ ಭೂತಗನ್ನಡಿ ಇದೆಯಲ್ಲ, ಅದನ್ನು ಒತ್ತಿ. ಆ ಗುಂಡಿ ಒತ್ತಿದಾಗ ಸರ್ವರ್‌ನಿಂದ ಅದೇ ಪುಟದ ದೊಡ್ಡ ಪ್ರತಿಯನ್ನು ತರಿಸುತ್ತದೆ. ಮೊದಲು ಒಂದು ಕ್ಷಣ ಮಬ್ಬಾಗಿ ಕಂಡು ಆಮೇಲೆ ತಟ್ಟನೆ ಚೂಪಾಗುವುದನ್ನು ನೋಡುತ್ತೀರಿ. ಆ ಒಂದು ಕ್ಷಣ ತಾಳ್ಮೆ ಬೇಕು. ನೆಟ್ ನಿಧಾನ ಇದ್ದರೆ ಮೂರು ನಾಲ್ಕು ಸೆಕೆಂಡೂ ಹಿಡಿಯಬಹುದು.

(ಅಂದಹಾಗೆ ಬೇರೆ ಸೈಟುಗಳಲ್ಲೂ ಚಿತ್ರಗಳು ಮೊದಲು ಮಬ್ಬಾಗಿ ಬಂದು ಆಮೇಲೆ ಸ್ಪಷ್ಟವಾಗುವುದು ದೋಷವಲ್ಲ. ನೀವು ಕಾಯುತ್ತಿರುವಾಗ ಜಾಗ ಖಾಲಿ ಕಾಣದಿರಲಿ ಅಂತ ಮೊದಲು ಸಣ್ಣ ನಮೂನೆಯೊಂದನ್ನು ಹಿಗ್ಗಿಸಿ ಇಟ್ಟಿರುತ್ತಾರೆ. ಅದು ಮಬ್ಬಾಗಿಯೇ ನಿಂತುಬಿಟ್ಟರೆ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಏನಾದರೂ ಅಡ್ಡ ಬಂದಿದೆಯಾ ನೋಡಿ.)

ತೀರಾ ಅನುಮಾನದ ಅಕ್ಷರಗಳಿಗೆ ಇನ್ನೊಂದು ಉಪಾಯ. ಆರ್ಕೈವ್‌ನಲ್ಲಿ ಪುಸ್ತಕದ ಪುಟದ ಬಲಗಡೆ ಡೌನ್‌ಲೋಡ್ ಆಯ್ಕೆಗಳ ಪಟ್ಟಿ ಇರುತ್ತದೆ. ಎಲ್ಲರೂ ಪಿಡಿಎಫ್ ಒತ್ತುತ್ತಾರೆ. ಪಿಡಿಎಫ್‌ನ ಗಾತ್ರ ಇಳಿಸಲು ಪುಟವನ್ನು ಚೆನ್ನಾಗಿ ಹಿಂಡಿರುತ್ತಾರೆ. ಎಷ್ಟೋ ಪುಸ್ತಕಗಳಿಗೆ ಅದರ ಪಕ್ಕದಲ್ಲಿ 'ಸಿಂಗಲ್ ಪೇಜ್ ಪ್ರೊಸೆಸ್ಡ್ ಜೆಪಿ2 ಜಿಪ್' ಅಂತ ಇರುತ್ತದೆ. ಒಂದೊಂದು ಪುಟದ ದೊಡ್ಡ ಚಿತ್ರಗಳು ಅದರಲ್ಲಿವೆ. ನೂರಾರು ಎಂಬಿ ಆಗಬಹುದು, ಮನೆಯ ವೈಫೈ ಇದ್ದಾಗ ಮಾತ್ರ ಕೈಹಾಕಿ. ಜೆಪಿ2 ಫೈಲು ಕ್ರೋಮ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ತೆರೆಯುವುದಿಲ್ಲ. ಚಿತ್ರ ತಿದ್ದುವ ಗಿಂಪ್ ಎಂಬ ತಂತ್ರಾಂಶ ಬೇಕು, ಇಲ್ಲವೇ ಚಿತ್ರ ನೋಡುವ ಇರ್ಫಾನ್‌ವ್ಯೂ, ಅದಕ್ಕೆ ಪ್ಲಗಿನ್ ಹಾಕಿರಬೇಕು. ಎರಡೂ ಪುಕ್ಕಟೆ ಸಿಗುತ್ತವೆ. ಇದು ಪುಸ್ತಕ ಪೂರ್ತಿ ಓದುವ ದಾರಿಯಲ್ಲ. ಧ ಅಥವಾ ದ ಅಂತ ಪಂಚಾಯ್ತಿ ಬಿದ್ದಾಗ ಸಾಕ್ಷಿ ಕೇಳುವುದಕ್ಕೆ ಮಾತ್ರ. ಮೂಲ ಸ್ಕ್ಯಾನೇ ಕೆಟ್ಟದಾಗಿದ್ದರೆ ಇದರಲ್ಲೂ ಏನೂ ಸಿಗುವುದಿಲ್ಲ.

ಆ ಎಕ್ಸ್‌ಟೆನ್ಶನ್ ಯಾಕೆ ಬೇಡ

ಎರಡು ಕಾರಣ. ಒಂದು ಸಾಮಾನ್ಯದ್ದು. ಚಿತ್ರ ಸರಿಮಾಡುವ ಎಕ್ಸ್‌ಟೆನ್ಶನ್‌ಗಳು ಹಾಕುವಾಗ ಕೇಳುವ ಅನುಮತಿ ಓದಿ ನೋಡಿ: ಎಲ್ಲ ವೆಬ್‌ಸೈಟುಗಳಲ್ಲಿರುವ ನಿಮ್ಮ ಎಲ್ಲ ಮಾಹಿತಿಯನ್ನು ಓದುವ ಮತ್ತು ಬದಲಿಸುವ ಹಕ್ಕು. ಎಲ್ಲ ಅಂದರೆ ಬ್ಯಾಂಕಿನದ್ದೂ ಸೇರಿ. ಇವತ್ತು ಒಳ್ಳೆಯ ಉದ್ದೇಶದಿಂದ ಮಾಡಿದ ಎಕ್ಸ್‌ಟೆನ್ಶನ್ ನಾಳೆ ಬೇರೆಯವರ ಕೈಗೆ ಮಾರಾಟವಾಗಬಹುದು. ಪಿಂಚಣಿ ಖಾತೆ ನೋಡುವ ಅದೇ ಬ್ರೌಸರ್‌ನಲ್ಲಿ ಅಂಥವನ್ನು ಇಡುವುದು ನನಗೆ ಸರಿ ಕಾಣುವುದಿಲ್ಲ.

ಎರಡನೆಯದು ನಿಮ್ಮಂಥವರಿಗೇ ಹೆಚ್ಚು ಮುಖ್ಯ. ಈಗಿನ 'ಎಐ' ಸಾಧನಗಳು ಮಬ್ಬು ಚಿತ್ರವನ್ನು ಚೂಪು ಮಾಡುವುದು ಊಹೆಯಿಂದ. ಹಿಂದೆ ನೋಡಿದ ಲಕ್ಷಾಂತರ ಚಿತ್ರಗಳ ಆಧಾರದ ಮೇಲೆ ಇಲ್ಲಿ ಹೀಗಿದ್ದಿರಬಹುದು ಅಂತ ಬರೆದು ತುಂಬುತ್ತವೆ. ಮುಖದ ಫೋಟೋಗೆ ಪರವಾಗಿಲ್ಲ. ಅಕ್ಷರಕ್ಕೆ ಅಪಾಯ. ಬೂದಾದ ಸೀಳನ್ನು ಅದು ಪೂರ್ತಿ ಮುಚ್ಚಿ ಸೊಗಸಾದ ದ ಮಾಡಿಬಿಟ್ಟರೆ? ಮಬ್ಬಿದ್ದಾಗ ನಿಮಗೆ ಅನುಮಾನವಾದರೂ ಬರುತ್ತಿತ್ತು. ಈಗ ಅದೂ ಬರುವುದಿಲ್ಲ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಎಐ ಇಷ್ಟು ಹಬ್ಬುವ ಮೊದಲೇ ಇಂಥದ್ದು ಆಗಿದೆ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಒಂದು ಸಂಗತಿ ಬಯಲಿಗೆ ತಂದರು. ಝೆರಾಕ್ಸ್ ಕಂಪನಿಯ ಕೆಲವು ಯಂತ್ರಗಳಲ್ಲಿ ಕಟ್ಟಡದ ನಕ್ಷೆಯೊಂದನ್ನು ಸ್ಕ್ಯಾನ್ ಮಾಡಿದಾಗ ಕೋಣೆಗಳ ಅಳತೆಯೇ ಬದಲಾಗಿತ್ತು. 21.11 ಚದರ ಮೀಟರ್ ಇದ್ದದ್ದು 14.13 ಅಂತ ಬಂದಿತ್ತು, ಪಕ್ಕದ ಕೋಣೆಯದೇ ಅಂಕಿ. ಫೈಲಿನ ಗಾತ್ರ ಇಳಿಸಲು ಆ ಯಂತ್ರ ಒಂದೇ ಥರ ಕಾಣುವ ತುಣುಕುಗಳನ್ನು ಹುಡುಕಿ, ಒಂದರ ಜಾಗದಲ್ಲಿ ಇನ್ನೊಂದನ್ನು ಅಂಟಿಸುತ್ತಿತ್ತು. ಜೆಬಿಗ್2 ಎಂಬ ವಿಧಾನ ಅದು. ಅಂಕಿಗಳು ಮಬ್ಬಾಗಿರಲಿಲ್ಲ, ಬಲು ಸ್ಪಷ್ಟವಾಗಿದ್ದವು. ತಪ್ಪಾಗಿದ್ದವು. ಕಂಪನಿ ಆಮೇಲೆ ತಂತ್ರಾಂಶ ತಿದ್ದಿತು. ಈ ವಿಧಾನದಲ್ಲಿ ಹಿಂಡಿದ ಪಿಡಿಎಫ್ ಎಲ್ಲಾದರೂ ನಿಮ್ಮ ಕೈಗೆ ಬಂದರೆ, ಅಕ್ಷರ ಸ್ಪಷ್ಟವಾಗಿ ಕಂಡರೂ ಅರ್ಥ ಕೂಡದಿದ್ದಾಗ ಬೇರೆ ಪ್ರತಿ ನೋಡುವುದು ಒಳ್ಳೆಯದು.

ಗೆಳತಿಯ ವಾಟ್ಸಾಪ್ ಪುಟಗಳು

ಇಲ್ಲಿ ಬ್ರೌಸರ್ ಪೂರ್ತಿ ನಿರಪರಾಧಿ. ಫೋಟೋ ಅಂತ ಕಳಿಸಿದರೆ ವಾಟ್ಸಾಪ್ ಕಳಿಸುವಾಗಲೇ ಚಿತ್ರವನ್ನು ಕುಗ್ಗಿಸಿ ಹಿಂಡುತ್ತದೆ. ಹಿಂಡುವ ಜೆಪೆಗ್ ವಿಧಾನ ಚಿತ್ರವನ್ನು 8×8 ಚುಕ್ಕಿಗಳ ಚೌಕ ಚೌಕವಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮಗಳನ್ನು ಬಿಟ್ಟುಬಿಡುತ್ತದೆ. ಹೂವಿನ ಫೋಟೋದಲ್ಲಿ ಅದು ನಿಜಕ್ಕೂ ಕಾಣುವುದಿಲ್ಲ. ಅಚ್ಚಾದ ಪುಟದಲ್ಲಿ ಆ ಸೂಕ್ಷ್ಮಗಳೇ ಎಲ್ಲ. ಒತ್ತಕ್ಷರದ ಸುತ್ತ ಸೊಳ್ಳೆ ಮುತ್ತಿದ ಹಾಗೆ ಕಲೆಗಳು ಕಂಡರೆ ಅದು ಇದರ ಗುರುತು. ಬಣ್ಣದ ವಿವರವನ್ನಂತೂ ಇನ್ನೂ ಜಾಸ್ತಿ ಕತ್ತರಿಸುತ್ತದೆ, ಅದಕ್ಕೇ ಕೆಂಪು ಶಾಯಿಯ ತಲೆಬರಹ ಕಪ್ಪಿಗಿಂತ ಹೆಚ್ಚು ಕಲಸಿಹೋಗಿರುತ್ತದೆ.

ಗೆಳತಿಗೆ ಹೇಳಿ, ಪುಟದ ಫೋಟೋವನ್ನು 'ಡಾಕ್ಯುಮೆಂಟ್' ಅಂತ ಕಳಿಸಲಿ. ಆಗ ಫೈಲು ಇದ್ದ ಹಾಗೇ ಬರುತ್ತದೆ. ಅದು ಕಿರಿಕಿರಿ ಅನಿಸಿದರೆ ಕಳಿಸುವಾಗ ಮೇಲೆ ಕಾಣುವ 'ಎಚ್‌ಡಿ' ಒತ್ತಲಿ. 2023ರ ಆಗಸ್ಟ್‌ನಿಂದ ಆ ಸೌಲಭ್ಯ ಇದೆ. ಎಚ್‌ಡಿಯಲ್ಲೂ ಸ್ವಲ್ಪ ಹಿಂಡುತ್ತದೆ, ಆದರೂ ಮಾಮೂಲಿಗಿಂತ ವಾಸಿ. ಸ್ಕ್ರೀನ್‌ಶಾಟ್ ತೆಗೆದು ಕಳಿಸುವ ಅಭ್ಯಾಸ ಇದ್ದರೆ ಬಿಡಿಸಿ. ಪುಟದ ಸ್ಕ್ರೀನ್‌ಶಾಟಿನ ಸ್ಕ್ರೀನ್‌ಶಾಟ್ ನೋಡಿದ್ದೇನೆ ನಾನು, ಮದುವೆ ಕಾಗದವೊಂದರಲ್ಲಿ ಮುಹೂರ್ತ 9.30 ಅಂತಲೋ 8.30 ಅಂತಲೋ ತಿಳಿಯದೆ ಫೋನು ಮಾಡಿ ಕೇಳಬೇಕಾಯಿತು.

ಫೋನಿನಲ್ಲಿ ಓದುವ ಬೇರೆಯವರಿಗೂ ಒಂದು ಮಾತು. ಡೇಟಾ ದುಬಾರಿಯಾಗಿದ್ದ ಕಾಲದಲ್ಲಿ ನಾವೆಲ್ಲ ಡೇಟಾ ಉಳಿಸುವ ಬ್ರೌಸರ್ ಬಳಸಿದವರೇ. ಒಪೆರಾ ಮಿನಿಯಂಥವು ಚಿತ್ರವನ್ನು ತಮ್ಮ ಸರ್ವರ್‌ನಲ್ಲೇ ಕುಗ್ಗಿಸಿ ಕಳಿಸುತ್ತವೆ. ಅದರ ಡೇಟಾ ಉಳಿತಾಯದ ಸೆಟ್ಟಿಂಗ್‌ನಲ್ಲಿ ಚಿತ್ರದ ಗುಣಮಟ್ಟ ಲೋ ಅಂತ ಇದ್ದರೆ ಹೈ ಮಾಡಿ. ಬ್ರೌಸರ್ ಸೆಟ್ಟಿಂಗ್ ಒಂದರಿಂದಲೇ ಚಿತ್ರ ನಿಜವಾಗಿ ಸುಧಾರಿಸುವ ಸಂದರ್ಭ ಅಂದರೆ ಇದೇ. ಕ್ರೋಮ್‌ನಲ್ಲಿ 'ಲೈಟ್ ಮೋಡ್' ಹುಡುಕಬೇಡಿ. 2022ರ ಮಾರ್ಚ್‌ನಲ್ಲಿ ಬಂದ ಕ್ರೋಮ್ 100ರಿಂದ ಅದನ್ನು ತೆಗೆದುಹಾಕಿದ್ದಾರೆ, ಇನ್ನೂ ಎಷ್ಟೋ ಕಡೆ ಅದನ್ನು ಆಫ್ ಮಾಡಿ ಅಂತ ಸಲಹೆ ಕೊಡುತ್ತಲೇ ಇದ್ದಾರೆ.

ಮಾನಿಟರ್ ವಿಷಯ ಬಾಕಿ ಉಳಿಯಿತು. 4ಕೆ ತಂದರೆ ನಿಮ್ಮ ಸ್ಕ್ಯಾನ್ ಪುಟಗಳಿಗೆ ಲಾಭ ಇಲ್ಲದೇ ಇಲ್ಲ. ಎತ್ತರದಲ್ಲಿ 2160 ಚುಕ್ಕಿ ಸಿಗುತ್ತದೆ, ಇಡೀ ಪುಟ ಹೆಚ್ಚು ಕುಗ್ಗದೆ ಹಿಡಿಸುತ್ತದೆ. ಆದರೆ ಹಳೆಯ ಸೈಟುಗಳ ಸಣ್ಣ ಚಿತ್ರಗಳು ಅದರಲ್ಲಿ ಇನ್ನೂ ಹಿಗ್ಗುತ್ತವೆ. ನಿಮ್ಮ ದೂರು ಅರ್ಧ ತೀರಿ ಅರ್ಧ ಹೆಚ್ಚಾಗುತ್ತದೆ. ಒಂದು ತಿಂಗಳು ಮೇಲೆ ಹೇಳಿದ ಹಾಗೆ ಓದಿ ನೋಡಿ. ಕತ್ತು ನೋವು ಅಂತ ದೊಡ್ಡ ಪರದೆ ಬೇಕಾದರೆ ಅದು ಬೇರೆ ಲೆಕ್ಕ, ಆಗ ಕೊಳ್ಳಿ.

80ಕ್ಕೆ ಇಳಿಸಿದ ಮೇಲೂ ಮಬ್ಬು ಹಾಗೇ ಉಳಿದರೆ ನನಗೆ ಮತ್ತೆ ಬರೆಯಿರಿ. ಮೂರು ಸಂಖ್ಯೆ ಬೇಕು: ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿರುವ ಸ್ಕೇಲ್, ಅದರ ಕೆಳಗಿರುವ ರೆಸಲ್ಯೂಶನ್, ಮಬ್ಬಾದ ಒಂದು ಚಿತ್ರವನ್ನು ಹೊಸ ಟ್ಯಾಬಿನಲ್ಲಿ ತೆರೆದಾಗ ಕಾಣುವ ಅಳತೆ. ಪರದೆಯ ಫೋಟೋ ಕಳಿಸುವುದಾದರೆ ದಯವಿಟ್ಟು ಡಾಕ್ಯುಮೆಂಟ್ ಅಂತ ಕಳಿಸಿ.